ಮರ ನೋಡಿ ಉಳಿ ಕೊಳ್ಳಿ

ದಾಂಡೇಲಿಯ ನಾಟಾ ಡಿಪೋದಲ್ಲಿ ಸಾಲುಸಾಲಾಗಿ ಮಲಗಿದ ಸಾಗವಾನಿ ದಿಮ್ಮಿಗಳನ್ನು ಕಂಡವರಿಗೆ ಈ ಸೀಮೆ ಮರದ ಸುತ್ತಲೇ ಬೆಳೆದದ್ದೆಂದು ಬೇರೆ ಹೇಳಬೇಕಿಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಕಾಳಿ ನದಿಯ ದಂಡೆ ಹುಡುಕಿಕೊಂಡು ಬಂದದ್ದು ಬಿದಿರಿಗಾಗಿ, ನೀರಿಗಾಗಿ. ಹಳಿಯಾಳ, ಮುಂಡಗೋಡದ ಹೊಲಗಳಿಗೆ ಚಕ್ಕಡಿ, ನೇಗಿಲು, ಕೂರಿಗೆ, ಕುಂಟೆ ಮಾಡಿಕೊಟ್ಟು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದ ಬಡಿಗೇರರ ಮನೆತನಗಳು ಈಗಲೂ ಹಳ್ಳಿಗಳಲ್ಲಿವೆ. ಸಿದ್ದಿಗಳ ಡಮಾಮ್ ವಾದ್ಯಕ್ಕೆ ಮರದ ತುಂಡನ್ನು ಟೊಳ್ಳು ಮಾಡುವುದೂ ಉಳಿಯ ಕೆಲಸವೇ.

ಇಂಥ ನಾಡಿನಲ್ಲಿ ಮರಗೆಲಸದ ಕೈ ಉಪಕರಣ ಹೊಸದಾಗಿ ಕೊಳ್ಳುವವರು ಎರಡು ಬಗೆ. ಮೇಸ್ತ್ರಿಯ ಕೈಕೆಳಗೆ ದುಡಿದು ಈಗ ಸ್ವಂತ ಪೆಟ್ಟಿಗೆ ಕಟ್ಟಿಕೊಳ್ಳಲು ಹೊರಟ ಹುಡುಗರು ಒಂದು ಕಡೆ. ಮಿಲ್ಲಿನಿಂದಲೋ ಶಾಲೆಯಿಂದಲೋ ನಿವೃತ್ತರಾಗಿ, ಇಲ್ಲವೇ ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಮನೆಗೊಂದು ಮಣೆ, ಮಗುವಿಗೊಂದು ತೊಟ್ಟಿಲು ತಾವೇ ಮಾಡಬೇಕೆಂಬ ಆಸೆಯವರು ಇನ್ನೊಂದು ಕಡೆ. ಹೊಸ ಉಳಿಯೊಂದನ್ನು ಕಾಗದದಿಂದ ಬಿಚ್ಚಿ ಅಂಗೈಯಲ್ಲಿ ತೂಗಿ ನೋಡುವಾಗ ಇಬ್ಬರಿಗೂ ಆಗುವ ಸಂತೋಷ ಒಂದೇ. ಆ ಸಂತೋಷ ಮೊದಲ ವಾರಕ್ಕೇ ಮುಗಿಯದೆ ವರ್ಷಗಟ್ಟಲೆ ಉಳಿಯಬೇಕಾದರೆ ಅಂಗಡಿಯ ಹೊಳಪನ್ನೋ ಮೊಬೈಲಿನ ವಿಡಿಯೊವನ್ನೋ ನಂಬಿ ಕೊಳ್ಳಬಾರದು. ನಿಮ್ಮ ಕೈಗೆ ಸಿಗುವ ಮರ ಯಾವುದು? ಯಾವ ಉಪಕರಣ ಬೇಕೆಂಬುದನ್ನು ಆ ಮರವೇ ಹೇಳುತ್ತದೆ.

ಸಾಗವಾನಿಯನ್ನೇ ತೆಗೆದುಕೊಳ್ಳಿ. ಕೊಯ್ಯಲು, ಕೆತ್ತಲು ಸುಲಭ, ಒಣಗಿದ ಮೇಲೆ ಹೆಚ್ಚು ಬಾಗುವುದಿಲ್ಲ, ಗೆದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ಆದರೆ ಅದರ ಎಳೆಗಳ ನಡುವೆ ಸಣ್ಣ ಸಿಲಿಕಾ ಕಣಗಳಿರುತ್ತವೆ. ಮರ ಮೆತ್ತಗಿದೆ ಎನ್ನಿಸಿದರೂ ಉಳಿಯ ಬಾಯಿ ಬೇಗ ಮೊಂಡಾಗುತ್ತದೆ. ಸಾಗವಾನಿಯಲ್ಲಿ ದುಡಿಯುವವರು ಮೂರನೆಯ ಉಳಿಗೆ ಇಡುವ ಹಣವನ್ನು ಒಳ್ಳೆಯ ಸಾಣೆಕಲ್ಲಿಗೆ ಇಟ್ಟರೆ ಲಾಭ. ಹೊನ್ನೆಯ ಕಥೆ ಬೇರೆ. ಅದರ ಎಳೆ ಒಂದು ಪದರದಲ್ಲಿ ಅತ್ತ, ಮುಂದಿನ ಪದರದಲ್ಲಿ ಇತ್ತ ತಿರುಗಿರುತ್ತದೆ. ಯಾವ ಕಡೆಯಿಂದ ರಂದಾ ಹೊಡೆದರೂ ಎಲ್ಲೋ ಒಂದೆಡೆ ಮೈ ಕಿತ್ತುಬರುತ್ತದೆ. ಮತ್ತಿ, ಜಂಬೆ, ಕಿಂದಳ ಬಹಳ ಗಟ್ಟಿ. ಅವುಗಳಲ್ಲಿ ತೂತು ಹೊಡೆಯಲು ತೆಳ್ಳಗಿನ ಉಳಿ ತಂದರೆ ತುದಿ ಮುರಿಯುತ್ತದೆ, ಅಲಗು ದಪ್ಪಗಿರಬೇಕು. ಕಲಿಯುವವರಿಗೆ ನಾನು ಹೇಳುವುದು ಶಿವನೆ ಅಥವಾ ಹಲಸು. ಶಿರಸಿ, ಸಾಗರದ ಗುಡಿಗಾರರು ಗಂಧದ ಜೊತೆ ಶಿವನೆಯನ್ನೂ ಕೆತ್ತನೆಗೆ ಒಪ್ಪಿಕೊಂಡದ್ದು ಸುಮ್ಮನಲ್ಲ. ಅದು ಹಗುರ, ಎಳೆ ನೇರ, ಉಳಿಗೆ ಹಠ ಮಾಡದೆ ಬಿಟ್ಟುಕೊಡುತ್ತದೆ.

ಮೊದಲು ಕೊಳ್ಳಬೇಕಾದದ್ದು ಕಡಿಮೆಯೇ. ಅರ್ಧ ಇಂಚಿನದೊಂದು, ಮುಕ್ಕಾಲು ಇಂಚಿನದೊಂದು, ಹೀಗೆ ಎರಡು ಉಳಿ, ಒಂದು ರಂದಾ, ಒಂದು ಗರಗಸ, ಒಂದು ಮೂಲೆಮಟ್ಟ, ಎರಡು ಮುಖದ ಒಂದು ಕಾರ್ಬೊರಂಡಂ ಸಾಣೆಕಲ್ಲು. ಪೆಟ್ಟಿಗೆ ತುಂಬ ಹನ್ನೆರಡು ಉಳಿಗಳ ಸೆಟ್ಟು ಕಣ್ಣಿಗೆ ಚೆಂದ, ಬೆಲೆಯೂ ಅಗ್ಗವೆನ್ನಿಸುತ್ತದೆ. ಆದರೆ ಅದೇ ಹಣಕ್ಕೆ ಬರುವ ಎರಡು ಒಳ್ಳೆಯ ಉಳಿಗಳು ಮಕ್ಕಳ ಕಾಲಕ್ಕೂ ಉಳಿಯುತ್ತವೆ. ಉಳಿದದ್ದನ್ನು ಕೆಲಸ ಕೇಳಿದಾಗ ಒಂದೊಂದಾಗಿ ತರಬೇಕು. ಸಣ್ಣ ಚೌಕಟ್ಟಿನ ಕೆಲಸ ಬಂದಾಗ ಕಾಲಿಂಚಿನ ಉಳಿ, ಹಲಗೆ ಜೋಡಿಸುವ ಕೆಲಸ ಬಂದಾಗ ಉದ್ದನೆಯ ರಂದಾ. ಹೀಗೆ ತಂದ ಪ್ರತಿಯೊಂದಕ್ಕೂ ಬಂದ ದಿನವೇ ಮಾಡುವ ಕೆಲಸ ಕಾದಿರುತ್ತದೆ. ಹೊಸದನ್ನು ಕೊಳ್ಳುವುದರಲ್ಲಿ ನಾನು ಕಂಡ ಅತಿ ದೊಡ್ಡ ಖುಷಿ ಇದೇ.

ರಂದಾ ಕೊಳ್ಳುವಾಗ ಮರದ ಮೈಯದೋ ಕಬ್ಬಿಣದ್ದೋ ಎಂಬ ಪ್ರಶ್ನೆ ಬರುತ್ತದೆ. ಮರದ್ದು ಹಗುರ, ಬೆಲೆ ಕಡಿಮೆ, ಕೈಗೆ ಹಿತ. ಆದರೆ ಜೋಯಿಡಾದಂಥ ಮಳೆಯ ಜಾಗದಲ್ಲಿ ಆಷಾಢಕ್ಕೆ ಉಬ್ಬಿ ಬೇಸಿಗೆಗೆ ಕುಗ್ಗಿ ಅದರ ತಳ ಸೊಟ್ಟಗಾಗುತ್ತದೆ, ವರ್ಷಕ್ಕೊಮ್ಮೆ ತಳವನ್ನು ಸಮ ಮಾಡಿಕೊಳ್ಳಬೇಕು. ಕಬ್ಬಿಣದ ರಂದಾಗಳ ಮಾದರಿ ಅಮೆರಿಕದ ಲಿಯೊನಾರ್ಡ್ ಬೈಲಿಯದು. ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಆತನ ಪೇಟೆಂಟುಗಳನ್ನು ಕೊಂಡಿತು. ಆ ಕಂಪನಿ ಕೊಟ್ಟ ನಂಬರುಗಳನ್ನೇ ಇಂದಿಗೂ ಹಲವು ತಯಾರಕರು ಬಳಸುತ್ತಾರೆ. ನಂಬರ್ 4 ಸುಮಾರು ಒಂಬತ್ತೂವರೆ ಇಂಚು ಉದ್ದ, ಕೊನೆಯ ನುಣುಪಿಗೆ. ನಂಬರ್ 5 ಸುಮಾರು 14 ಇಂಚು, ಒರಟು ಹಲಗೆಯನ್ನು ಹದಕ್ಕೆ ತರುವುದಕ್ಕೂ ಸಮ ಮಾಡುವುದಕ್ಕೂ ಆಗುತ್ತದೆ. ಒಂದನ್ನೇ ಕೊಳ್ಳುವುದಾದರೆ ನಂಬರ್ 5 ತನ್ನಿ. ಸಾ ಮಿಲ್ಲಿನಿಂದ ಬರುವ ಹಲಗೆ ಯಾವತ್ತೂ ಒರಟಾಗಿಯೇ ಇರುತ್ತದೆ.

ಅಂಗಡಿಯಲ್ಲಿ ನಿಂತು ನೋಡುವುದು

ಹಳಿಯಾಳ, ದಾಂಡೇಲಿ, ಮುಂಡಗೋಡದ ಹಾರ್ಡ್‌ವೇರ್ ಅಂಗಡಿಗಳಲ್ಲಿ ದಿನಬಳಕೆಯ ಉಪಕರಣ ಸಿಗುತ್ತವೆ. ಆರಿಸಿ ಕೊಳ್ಳಬೇಕೆಂದರೆ ಹುಬ್ಬಳ್ಳಿಗೋ ಬೆಳಗಾವಿಗೋ ಹೋಗುವುದು ಒಳ್ಳೆಯದು. ಹೋಗುವಾಗ ಜೇಬಿನಲ್ಲಿ ಒಂದು ಉಕ್ಕಿನ ಸ್ಕೇಲು, ಒಂದು ಪೆನ್ಸಿಲ್ಲು ಇರಲಿ.

ಉಳಿಯ ಬೆನ್ನಿಗೆ, ಅಂದರೆ ಇಳಿಜಾರಿಲ್ಲದ ಮುಖಕ್ಕೆ, ಸ್ಕೇಲಿನ ಅಂಚು ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ಸ್ವಲ್ಪ ತಗ್ಗಿದ್ದರೆ ತೊಂದರೆಯಿಲ್ಲ, ಉಜ್ಜಿ ಸರಿಮಾಡಬಹುದು. ನಡು ಉಬ್ಬಿದ್ದರೆ ಬೇಡವೆಂದು ಹಿಂದಿರುಗಿಸಿ, ಅದನ್ನು ಸಮ ಮಾಡುವುದರಲ್ಲಿ ತೋಳು ಸೋಲುತ್ತದೆ. ಹಿಡಿಯ ಬುಡಕ್ಕೆ ಹಾಕಿದ ಲೋಹದ ಬಳೆ ಅಲುಗಬಾರದು. ಅಲಗು ಮತ್ತು ಹಿಡಿ ಒಂದೇ ಸಾಲಿನಲ್ಲಿವೆಯೇ ಎಂದು ತುದಿಯಿಂದ ಒಂದು ಕಣ್ಣು ಮುಚ್ಚಿ ನೋಡಿ.

ರಂದಾದ ತಳಕ್ಕೂ ಇದೇ ಸ್ಕೇಲಿನ ಪರೀಕ್ಷೆ. ಮುಂದಿನ ತುದಿ, ಬಾಯಿಯ ಮುಂಭಾಗ, ಹಿಂದಿನ ತುದಿ, ಈ ಮೂರೂ ಒಂದೇ ಮಟ್ಟದಲ್ಲಿದ್ದರೆ ಸಾಕು, ನಡುನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಕೆಲಸ ಕೆಡುವುದಿಲ್ಲ.

ಮೂಲೆಮಟ್ಟವನ್ನು ಪರೀಕ್ಷಿಸದೆ ಎಂದೂ ಕೊಳ್ಳಬೇಡಿ. ನೇರ ಅಂಚಿನ ಹಲಗೆ ಅಥವಾ ಪ್ಲೈವುಡ್ ಚೂರು ಕೇಳಿ. ಅದರ ಅಂಚಿಗೆ ಮಟ್ಟವನ್ನು ಒತ್ತಿ ಒಂದು ಗೆರೆ ಎಳೆಯಿರಿ. ಮಟ್ಟವನ್ನು ಮಗುಚಿ ಅದೇ ಬಿಂದುವಿನಿಂದ ಇನ್ನೊಂದು ಗೆರೆ ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಮಟ್ಟ ಸರಿ. ಮೇಲೆ ಹೋದಂತೆ ಅಗಲವಾದರೆ ಕಾಣುವ ಅಂತರದ ಅರ್ಧದಷ್ಟು ತಪ್ಪು ಆ ಮಟ್ಟದಲ್ಲಿದೆ. ಆ ತಪ್ಪು ನೀವು ಮಾಡುವ ಪ್ರತಿ ಕಿಟಕಿಯ ನಾಲ್ಕು ಮೂಲೆಗಳಿಗೂ ಹೋಗುತ್ತದೆ.

ಗರಗಸದಲ್ಲಿ ಗಮನಿಸಬೇಕಾದದ್ದು ಹಲ್ಲು. ಎಳೆಯ ಉದ್ದಕ್ಕೆ ಸೀಳುವ ಹಲ್ಲು ಸಣ್ಣ ಉಳಿಗಳಂತೆ ನೇರ ಬಾಯಿಯದು, ಎಳೆಗೆ ಅಡ್ಡ ಕೊಯ್ಯುವ ಹಲ್ಲು ಓರೆಯಾಗಿ ಮೊನಚು. ಹಲಗೆ ತುಂಡು ಮಾಡಲು ಇಂಚಿಗೆ ಏಳೆಂಟು ಹಲ್ಲಿನದು, ಜೋಡಣೆಯ ನಾಜೂಕು ಕೊಯ್ತಕ್ಕೆ ಬೆನ್ನಿಗೆ ಪಟ್ಟಿಯಿರುವ ಹನ್ನೆರಡು ಹದಿನಾಲ್ಕು ಹಲ್ಲಿನದು. ಹಲ್ಲಿನ ತುದಿ ಮಾತ್ರ ಕಪ್ಪು ನೀಲಿಯಾಗಿ ಹೊಳೆಯುತ್ತಿದ್ದರೆ ಅದನ್ನು ಯಂತ್ರದಲ್ಲಿ ಗಟ್ಟಿ ಮಾಡಿದ್ದಾರೆಂದು ಅರ್ಥ. ಬಹಳ ದಿನ ಹರಿತವಾಗಿರುತ್ತದೆ, ಆದರೆ ಮೊಂಡಾದ ಮೇಲೆ ಅರ ಹತ್ತುವುದಿಲ್ಲ, ಎಸೆಯಬೇಕು. ವರ್ಷಗಟ್ಟಲೆ ಇಟ್ಟುಕೊಳ್ಳುವ ಮನಸ್ಸಿದ್ದರೆ ಅರದಿಂದ ಮಸೆಯಬಹುದಾದ ಹಲ್ಲಿನದನ್ನೇ ಕೇಳಿ. ಈಗ ಜಪಾನಿ ಎಳೆಗರಗಸಗಳೂ ಬರುತ್ತಿವೆ. ತೆಳು ಅಲಗು, ಎಳೆಯುವಾಗ ಕೊಯ್ಯುತ್ತದೆ. ನೆಲದ ಮೇಲೆ ಕೂತು ಕಾಲಿನಲ್ಲಿ ಮರ ಒತ್ತಿ ಹಿಡಿದು ದುಡಿಯುವ ನಮ್ಮ ರೂಢಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಒಣಗಿದ ಮತ್ತಿ, ಜಂಬೆಯಲ್ಲಿ ಅವಸರ ಮಾಡಿದರೆ ಅದರ ಸಣ್ಣ ಹಲ್ಲುಗಳು ಉದುರುತ್ತವೆ.

ಕುಲುಮೆಯ ದಾರಿ

ಎಲ್ಲವನ್ನೂ ಅಂಗಡಿಯಲ್ಲೇ ಕೊಳ್ಳಬೇಕಿಲ್ಲ. ಬಾಚಿ, ದಪ್ಪ ಉಳಿ, ಗೋಲು ಬಾಯಿಯ ಉಳಿಗಳನ್ನು ಊರಿನ ಕಮ್ಮಾರರಿಂದಲೋ ರಸ್ತೆಬದಿಯಲ್ಲಿ ಕುಲುಮೆ ಹೂಡುವ ಘಿಸಾಡಿಗಳಿಂದಲೋ ಹೇಳಿ ಮಾಡಿಸಿಕೊಳ್ಳಬಹುದು. ಲಾರಿಯ ಹಳೆಯ ಪಾಟಾ ಸ್ಪ್ರಿಂಗ್ ಇದಕ್ಕೆ ಉತ್ತಮ ಉಕ್ಕು. ಸವೆದ ಅರವೂ ಒಳ್ಳೆಯ ಉಳಿಯಾಗುತ್ತದೆ, ಆದರೆ ಹದ ತಪ್ಪಿದರೆ ಗಾಜಿನಂತೆ ಸಿಡಿಯುತ್ತದೆ. ಸಾಮಾನ್ಯ ಕಟ್ಟಡದ ಸರಳಿನಿಂದ ಉಳಿ ಮಾಡಿಸಬೇಡಿ, ಅದು ಹದ ಹಿಡಿಯುವುದಿಲ್ಲ.

ಕುಲುಮೆಯ ಮುಂದೆ ಕೂತು ನೋಡಿದರೆ ಹದ ಹಾಕುವ ಬಗೆ ತಿಳಿಯುತ್ತದೆ. ಕೆಂಪಗೆ ಕಾಯಿಸಿ ಅದ್ದಿದ ಉಕ್ಕು ವಿಪರೀತ ಗಟ್ಟಿಯಾಗಿರುತ್ತದೆ, ಬಿದ್ದರೆ ಒಡೆಯುತ್ತದೆ. ಮೇಲ್ಮೈ ಉಜ್ಜಿ ಹೊಳಪು ತಂದು ಮತ್ತೆ ಮೆಲ್ಲಗೆ ಬಿಸಿ ಮಾಡಿದಾಗ ಅದರ ಮೇಲೆ ಬಣ್ಣ ಓಡುತ್ತದೆ. ಮೊದಲು ಒಣಹುಲ್ಲಿನ ತೆಳು ಹಳದಿ, ಆಮೇಲೆ ಕಂದು, ನೇರಳೆ, ನೀಲಿ. ಮರಗೆಲಸದ ಉಳಿಗೆ ಹಳದಿಯಲ್ಲೇ ನಿಲ್ಲಿಸಬೇಕು, ಅದು ಸುಮಾರು 220ರಿಂದ 230 ಡಿಗ್ರಿ ಸೆಲ್ಸಿಯಸ್. ನೀಲಿಗೆ ಹೋದರೆ ಉಕ್ಕು ಸ್ಪ್ರಿಂಗಿನಂತೆ ಮೆತ್ತಗಾಗಿ ಬಾಯಿ ನಿಲ್ಲುವುದಿಲ್ಲ. ಕರೆಂಟಿನ ಗ್ರೈಂಡರ್‌ನಲ್ಲಿ ಉಳಿ ಮಸೆಯುವಾಗ ತುದಿ ನೀಲಿಯಾದರೂ ಆಗುವುದು ಇದೇ ಹಾನಿ. ಆದ್ದರಿಂದ ಕ್ಷಣಕ್ಷಣಕ್ಕೂ ನೀರಿಗೆ ಅದ್ದುತ್ತಿರಬೇಕು.

ಹಿಡಿಕೆಗೆ ನಮ್ಮ ಕಾಡೂರುಗಳಲ್ಲಿ ಹೆಸರಾದ ಮರಗಳು ದಡಸಲು ಮತ್ತು ದಿಂಡಿಗ. ಎರಡೂ ಪೆಟ್ಟು ತಾಳುತ್ತವೆ, ಬಾಗಿ ಮತ್ತೆ ನೆಟ್ಟಗಾಗುತ್ತವೆ. ಬಯಲುಸೀಮೆಗೆ ಹತ್ತಿರದ ಮುಂಡಗೋಡ, ಹಳಿಯಾಳದ ಕಡೆ ಜಾಲಿಯೂ ಸಿಗುತ್ತದೆ. ಪ್ಲಾಸ್ಟಿಕ್ ಹಿಡಿಯ ಉಳಿಯನ್ನು ದಿನವಿಡೀ ಹಿಡಿದವರಿಗೆ ಬೆವರಿನಲ್ಲಿ ಜಾರುವುದು ಗೊತ್ತು. ಮರದ ಹಿಡಿ ಒಡೆದರೂ ನೀವೇ ಬದಲಿಸಬಹುದು.

ಗೋಲು ಬಾಯಿಯ ಉಳಿ ಮಾಡಿಸುವ ಮೊದಲು ಮುಂಡಗೋಡದ ಟಿಬೆಟನ್ ನೆಲೆಯತ್ತ ಒಮ್ಮೆ ಹೋಗಿಬನ್ನಿ. 1966ರಲ್ಲಿ ಡೊಗುಲಿಂಗ್ ಎಂಬ ಹೆಸರಿನಲ್ಲಿ ಸ್ಥಾಪನೆಯಾದ ಈ ನೆಲೆಯಲ್ಲಿ ಡ್ರೆಪುಂಗ್, ಗಾಂದೆನ್ ಮಠಗಳಿವೆ. ಟಿಬೆಟನ್ನರು ನೆಲದ ಮೇಲೆ ಕೂತು ಬಳಸುವ ಗಿಡ್ಡ ಮೇಜುಗಳ ಮೇಲೆ, ಪೂಜಾ ಪೀಠಗಳ ಮೇಲೆ ಡ್ರ್ಯಾಗನ್, ಮೋಡ, ತಾವರೆಗಳ ಕೆತ್ತನೆ ಇರುತ್ತದೆ. ಒಂದೊಂದು ತಿರುವಿಗೂ ಒಂದೊಂದು ಬಾಗಿನ ಉಳಿ ಬೇಕು. ಗೋಲು ಉಳಿಗಳನ್ನು ಯಾವಾಗ, ಯಾಕೆ ಕೊಳ್ಳಬೇಕೆಂಬ ಪ್ರಶ್ನೆಗೆ ಇಂಥ ಮೇಜಿನ ಅಂಚನ್ನು ಬೆರಳಿನಿಂದ ಸವರಿ ನೋಡಿದರೆ ಪುಸ್ತಕಕ್ಕಿಂತ ಚೆನ್ನಾಗಿ ಉತ್ತರ ಸಿಗುತ್ತದೆ.

ಹೊಸದನ್ನು ಹದಕ್ಕೆ ತರುವುದು

ಅಂಗಡಿಯಿಂದ ಬಂದ ಉಳಿ ಕೆಲಸಕ್ಕೆ ಸಿದ್ಧವಾಗಿರುವುದಿಲ್ಲ. ಕಾರ್ಖಾನೆಯ ಅರೆಗಲ್ಲು ಬಿಟ್ಟ ಗೀರುಗಳು ಅದರ ಮೈಮೇಲಿರುತ್ತವೆ. ಅದನ್ನು ಹದಕ್ಕೆ ತರುವ ಸಂಜೆ ನನಗೆ ಕೊಳ್ಳುವ ದಿನಕ್ಕಿಂತ ಹೆಚ್ಚು ಪ್ರಿಯ. ದಪ್ಪ ಗಾಜಿನ ತುಂಡೊಂದರ ಮೇಲೆ ನೀರು ಹಾಕಿ ಉಜ್ಜುವ ಮರಳುಕಾಗದವನ್ನು ಅಂಟಿಸಿ. 220, 400, 800, 1200 ನಂಬರಿನವು ಸಾಕು. ಮೊದಲು ಉಳಿಯ ಬೆನ್ನು, ತುದಿಯಿಂದ ಒಂದೆರಡು ಇಂಚು ಮಾತ್ರ. ಪೂರ್ತಿ ಒಂದೇ ಹೊಳಪಿಗೆ ಬರುವವರೆಗೆ ಉಜ್ಜಿ. ಇದು ಉಳಿಯ ಜೀವಮಾನದಲ್ಲಿ ಒಮ್ಮೆ ಮಾಡುವ ಕೆಲಸ. ಬೆನ್ನು ಸಮವಿಲ್ಲದ ಉಳಿಯನ್ನು ಎಷ್ಟು ಮಸೆದರೂ ಹರಿತ ಬಾರದು.

ಆಮೇಲೆ ಸಾಣೆಕಲ್ಲಿನ ಮೇಲೆ ಇಳಿಜಾರು ಮುಖ. ಸಾಮಾನ್ಯವಾಗಿ ಅದನ್ನು 25 ಡಿಗ್ರಿಗೆ ಮಸೆದಿರುತ್ತಾರೆ. ಸಾಗವಾನಿ, ಶಿವನೆಗೆ ಅದೇ ಇಟ್ಟುಕೊಂಡು ತುದಿಯಲ್ಲಿ ಮಾತ್ರ 30 ಡಿಗ್ರಿಯ ಕಿರಿದಾದ ಎರಡನೆಯ ಇಳಿಜಾರು ಕೊಡಿ. ಮತ್ತಿ, ಜಂಬೆಯಲ್ಲಿ ಕೊಡತಿಯ ಪೆಟ್ಟು ತಿನ್ನುವ ಉಳಿಗೆ 35ರವರೆಗೂ ಹೋಗಬಹುದು. ಮಸೆಯುತ್ತ ಹೋದಂತೆ ಬೆನ್ನಿನ ಕಡೆ ಬೆರಳಿಗೆ ಸಣ್ಣ ಮುಳ್ಳಿನಂಥ ಅಂಚು ತಾಗುತ್ತದೆ. ಅದು ಅಗಲಕ್ಕೂ ಎದ್ದರೆ ಮಸೆತ ತುದಿ ಮುಟ್ಟಿದೆ ಎಂದರ್ಥ. ಬೆನ್ನನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿಟ್ಟು ಎರಡು ಎಳೆತಕ್ಕೆ ಆ ಮುಳ್ಳನ್ನು ತೆಗೆಯಿರಿ. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಮ್ಮುಖವಾಗಿ ನಾಲ್ಕಾರು ಸಲ ಎಳೆಯಿರಿ. ಹರಿತ ಪರೀಕ್ಷಿಸಲು ಶಿವನೆಯಂಥ ಮೆತ್ತನೆಯ ಮರದ ಅಡ್ಡಕೊಯ್ದ ಮುಖವನ್ನು ಸವರಿ ನೋಡಿ. ಪುಡಿಯಾಗದೆ ಹೊಳೆಯುವ ಮೈ ಬಿಟ್ಟರೆ ಉಳಿ ಸಿದ್ಧ.

ರಂದಾದ ಅಲಗಿಗೂ ಇದೇ ಕ್ರಮ. ಜೊತೆಗೆ ಅಲಗಿನ ಮೇಲೆ ಕೂರುವ ತಗಡನ್ನು ನೋಡಿಕೊಳ್ಳಬೇಕು. ಸಾಗವಾನಿಗೆ ಅದನ್ನು ಬಾಯಿಯಿಂದ ಒಂದು ಮಿಲಿಮೀಟರ್ ಹಿಂದೆ ಇಟ್ಟರೆ ನಡೆಯುತ್ತದೆ. ಹೊನ್ನೆಗೆ ಅರ್ಧ ಮಿಲಿಮೀಟರಿಗಿಂತ ಕಡಿಮೆ ಅಂತರಕ್ಕೆ ತಂದು ತೀರ ತೆಳುವಾಗಿ ತೆಗೆದರೆ ಎಳೆ ಕಿತ್ತುಬರುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಮಳೆಗಾಲದಲ್ಲಿ ಜೋಪಾನ

ಕ್ಯಾಸಲ್ ರಾಕ್, ಅಣಶಿಯ ಮಳೆ ಕಂಡವರಿಗೆ ತುಕ್ಕಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಪಕರಣವನ್ನು ಒಣಬಟ್ಟೆಯಲ್ಲಿ ಒರೆಸಿ ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳುವಾಗಿ ಸವರಿ. ಕೊಬ್ಬರಿ ಎಣ್ಣೆ ತತ್ಕಾಲಕ್ಕೆ ಆದೀತು, ಆದರೆ ದಿನ ಕಳೆದಂತೆ ಅಂಟುಗಟ್ಟಿ ಧೂಳು ಹಿಡಿಯುತ್ತದೆ. ಮಣ್ಣಿನ ಗೋಡೆಗೆ, ಸಿಮೆಂಟಿನ ನೆಲಕ್ಕೆ ತಾಗಿಸಿ ಇಡಬೇಡಿ. ಅಡುಗೆಮನೆಯ ಬೆಚ್ಚನೆಯ ಅಟ್ಟ ಒಳ್ಳೆಯ ಜಾಗ. ಆಯುಧ ಪೂಜೆಯ ದಿನ ಹಚ್ಚಿದ ಅರಿಶಿನ, ಕುಂಕುಮ, ಗಂಧವನ್ನು ಮರುದಿನ ಭಕ್ತಿಯಿಂದಲೇ ಒರೆಸಿ ಎಣ್ಣೆ ಹಚ್ಚಿ. ಒದ್ದೆ ಕುಂಕುಮದ ಕೆಳಗೆ ರಾತ್ರಿ ಬೆಳಗಾಗುವುದರೊಳಗೆ ಉಕ್ಕಿಗೆ ಕಲೆ ಬೀಳುತ್ತದೆ.

ಇನ್ನು ದುಡ್ಡಿನ ವಿಷಯ. ಮರಗೆಲಸವನ್ನೇ ಕಸುಬಾಗಿ ಮಾಡುವವರಿಗೆ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆಯಿದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಈ ಯೋಜನೆಯ 18 ಕಸುಬುಗಳಲ್ಲಿ ಬಡಿಗತನವೂ ಒಂದು. ಐದರಿಂದ ಏಳು ದಿನಗಳ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿವರೆಗಿನ ಇ-ವೋಚರ್, ಶೇ 5ರ ಬಡ್ಡಿಯಲ್ಲಿ ಮೊದಲ ಕಂತಿನ ಒಂದು ಲಕ್ಷದವರೆಗೆ ಸಾಲ ಇದರಲ್ಲಿ ಸೇರಿವೆ. 18 ವರ್ಷ ತುಂಬಿರಬೇಕು, ಕುಟುಂಬದಲ್ಲಿ ಒಬ್ಬರಿಗೆ ಮಾತ್ರ, ಸರ್ಕಾರಿ ನೌಕರರ ಕುಟುಂಬಕ್ಕಿಲ್ಲ. ಆಧಾರ್, ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್ ಹಿಡಿದು ಸಾಮಾನ್ಯ ಸೇವಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯಲ್ಲಿ ಅಥವಾ ಪಟ್ಟಣದ ಸ್ಥಳೀಯ ಸಂಸ್ಥೆಯಲ್ಲಿ ನಡೆಯುತ್ತದೆ. ಜಿಲ್ಲೆಯ ಕೈಗಾರಿಕಾ ಇಲಾಖೆಯೂ ಗ್ರಾಮೀಣ ಕುಶಲಕರ್ಮಿಗಳಿಗೆ ಉಚಿತ ಉಪಕರಣ ಕೊಡಲು ಅರ್ಜಿ ಕರೆಯುವುದುಂಟು, ಪತ್ರಿಕೆಯ ಪ್ರಕಟಣೆಗಳ ಮೇಲೆ ಕಣ್ಣಿರಲಿ.

ಮರವನ್ನು ಮಾತ್ರ ಕಾಡಿನಿಂದ ಎತ್ತಿ ತರಬೇಡಿ, ಬಿದ್ದ ಕೊಂಬೆಯೇ ಆಗಿರಲಿ. ದಾಂಡೇಲಿ, ಜೋಯಿಡಾದ ಬಹುಪಾಲು ಕಾಡು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೆ ಸೇರಿದೆ. ಬೀಟೆ, ಸಾಗವಾನಿ, ಗಂಧದ ತುಂಡು ಕೈಯಲ್ಲಿದ್ದು ಕಾಗದ ಇಲ್ಲದಿದ್ದರೆ ಮೊಕದ್ದಮೆ ತಪ್ಪಿದ್ದಲ್ಲ. ಡಿಪೋದ ಹರಾಜು ದೊಡ್ಡ ಲಾಟುಗಳದ್ದು. ನಮ್ಮಂಥವರಿಗೆ ಪರವಾನಗಿ ಇರುವ ಸಾ ಮಿಲ್ಲಿನಲ್ಲಿ ಉಳಿದ ತುಂಡುಗಳೇ ಸಾಕು, ಬಿಲ್ಲು ಕೇಳಿ ಪಡೆದು ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ.

ಮೇಲಿನ ಪಟ್ಟಿಯಲ್ಲಿ ಕೊಡತಿಯನ್ನು ಬೇಕೆಂದೇ ಬಿಟ್ಟಿದ್ದೇನೆ. ಹೊಸ ಉಪಕರಣಗಳಿಂದ ಮಾಡುವ ಮೊದಲ ಕೆಲಸ ಅದೇ ಆಗಲಿ, ತಂದ ಎಲ್ಲವೂ ಅದರಲ್ಲಿ ಬಳಕೆಗೆ ಬರುತ್ತವೆ. ಚೆನ್ನಾಗಿ ಒಣಗಿದ ಹುಣಸೆ ಅಥವಾ ಜಾಲಿಯ ಚೇಗಿನ ತುಂಡು, ಸುಮಾರು ಆರು ಇಂಚು ಉದ್ದ, ಮೂರಿಂಚು ದಪ್ಪ. ರಂದಾದಿಂದ ನಾಲ್ಕೂ ಮುಖ ಸಮ ಮಾಡಿ, ಮೂಲೆಮಟ್ಟದಿಂದ ಗೆರೆ ಹಾಕಿ, ಎರಡು ತುದಿಗಳನ್ನು ಗರಗಸದಿಂದ ತುಸು ಓರೆಯಾಗಿ ಕೊಯ್ಯಿರಿ. ನಡುವೆ ಮುಕ್ಕಾಲು ಇಂಚಿನ ಉಳಿಯಿಂದ ಎರಡೂ ಕಡೆಯಿಂದ ತೂತು ಹೊಡೆಯಿರಿ, ಮೇಲೆ ಅಗಲ, ಕೆಳಗೆ ಕಿರಿದು. ಅಲ್ಲಿಯವರೆಗೆ ಪೆಟ್ಟು ಹಾಕಲು ಗಟ್ಟಿ ಕೊಂಬೆಯ ತುಂಡು ಸಾಕು. ದಡಸಲಿನ ಹಿಡಿಯನ್ನು ಅದೇ ಇಳಿಜಾರಿಗೆ ರಂದಾ ಹೊಡೆದು ಮೇಲಿನಿಂದ ತೂರಿಸಿ. ಬೀಸಿದಷ್ಟೂ ಅದು ಬಿಗಿಯಾಗುತ್ತದೆ, ಬೆಣೆ ಬೇಡ. ಅಂಚುಗಳನ್ನು ಉಳಿಯಿಂದ ಸ್ವಲ್ಪ ಸವರಿದರೆ ಚಕ್ಕೆ ಏಳುವುದಿಲ್ಲ. ಅಗಸೆ ಎಣ್ಣೆ ಹಚ್ಚಿ, ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆಯದೆ ಹರಡಿ ಒಣಗಿಸಿ, ಮುದ್ದೆಯಾಗಿ ಬಿದ್ದ ಅಗಸೆ ಎಣ್ಣೆಯ ಬಟ್ಟೆಗೆ ತಾನಾಗಿ ಬೆಂಕಿ ಹತ್ತುವುದುಂಟು. ಬೇಸಿಗೆಯಲ್ಲಿ ಮರ ಕುಗ್ಗಿ ತಲೆ ಸಡಿಲವಾದರೆ ಕೊಡತಿಯನ್ನು ತಲೆಕೆಳಗಾಗಿ ಹಿಡಿದು ಹಿಡಿಯ ಮೇಲ್ತುದಿಯನ್ನು ಕಲ್ಲಿಗೆ ಎರಡು ಸಲ ಕುಟ್ಟಿ, ಮತ್ತೆ ಬಿಗಿಯಾಗುತ್ತದೆ.